ಅಡುಗೆಮನೆ ಮದ್ದುಗಳಲ್ಲಿ ಯಾವುದನ್ನು ನಂಬಬಹುದು?

ನಾಲ್ಕು ವರ್ಷದ ಮಗಳು, ಎಂಟು ತಿಂಗಳ ಮಗ, ಇಬ್ಬರಿಗೂ ನೆಗಡಿ ಕೆಮ್ಮು, ಅತ್ತೆ ಒಂದು ಮದ್ದು ಹೇಳುತ್ತಾರೆ, ವಾಟ್ಸಾಪ್‌ನಲ್ಲಿ ಹತ್ತು ಬರುತ್ತವೆ, ಯಾವುದು ನಿಜ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮಲೆನಾಡಿನವಳು, ಕಷಾಯ ಕುಡಿದೇ ಬೆಳೆದವಳು. ನನ್ನ ಲೆಕ್ಕ ಇಷ್ಟೇ: ತಾನಾಗಿಯೇ ಹೋಗುವ ಕಾಯಿಲೆಗೆ ಮನೆಮದ್ದು ಸಾಕು. ಅದು ಹೋಗುವ ತನಕ ಮೈಗೆ ಸ್ವಲ್ಪ ಹಿತ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಅದರಿಂದ ಕೇಳಬೇಡಿ.

ನೆಗಡಿ ಬರುವುದು ವೈರಸ್‌ನಿಂದ. ಅದು ಕಷಾಯಕ್ಕೂ ಬಗ್ಗುವುದಿಲ್ಲ, ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ಕಷಾಯದ ಪುಡಿ ಖಾಲಿಯಾಗಲು ಬಿಡುವುದಿಲ್ಲ, ಯಾಕೆಂದರೆ ಬಿಸಿಯಾಗಿ ಏನಾದರೂ ಗಂಟಲಲ್ಲಿ ಇಳಿದರೆ ಹಾಯೆನಿಸುತ್ತದೆ, ಊಟ ಬೇಡ ಅನ್ನುವ ಮಗುವಿನ ಹೊಟ್ಟೆಗೂ ಒಂದಿಷ್ಟು ನೀರು, ಬೆಲ್ಲ, ಹಾಲು ಸೇರುತ್ತದೆ. ಆ ಪುಡಿಗೆ ಬೇಕಾದ್ದು ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದೊಂದು ಚಮಚ ಮೆಂತ್ಯ ಮತ್ತು ಕಾಳುಮೆಣಸು, ಒಂದು ತುಂಡು ಒಣಶುಂಠಿ, ನಾಲ್ಕು ಏಲಕ್ಕಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ, ಬೇರೆ ಬೇರೆ ಹುರಿದು, ಆಮೇಲೆ ಒಟ್ಟಿಗೆ ಪುಡಿ ಮಾಡಿ. ಮೆಂತ್ಯ ಕೆಂಪಗಾದ ಕೂಡಲೇ ಇಳಿಸಿ, ಕಪ್ಪಾದರೆ ಇಡೀ ಪುಡಿ ಕಹಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೆ ಕಾಸಿದ ಹಾಲು ಸೇರಿಸಿ. ಬೆಲ್ಲದ ಜೊತೆ ಕುದಿಯುವಾಗಲೇ ಹಾಲು ಹಾಕಿದರೆ ಒಡೆಯುತ್ತದೆ. ಮಗಳಿಗಾದರೆ ಮೆಣಸು ಕಡಿಮೆ ಮಾಡಿ ಅರ್ಧ ಲೋಟ ಕೊಡಿ. ಮಗನಿಗೆ ಬೇಡವೇ ಬೇಡ. ಅವನಿಗೆ ಎದೆಹಾಲು, ಮೂಗು ಕಟ್ಟಿದರೆ ಮೆಡಿಕಲ್ ಶಾಪಿನ ಸಲೈನ್ ಡ್ರಾಪ್ಸ್, ಅಷ್ಟೇ.

ಜೇನುತುಪ್ಪ ಮಾತ್ರ ಸುಮ್ನೆ ನಂಬಿಕೆಯಲ್ಲ. ಮಲಗುವ ಮುಂಚೆ ಅರ್ಧ ಚಮಚ ಕೊಟ್ಟರೆ ರಾತ್ರಿ ಕೆಮ್ಮು ಸ್ವಲ್ಪ ತಗ್ಗುತ್ತದೆ, ಇದನ್ನು ಡಾಕ್ಟರುಗಳೂ ಒಪ್ಪುತ್ತಾರೆ. ಆದರೆ ಇದು ಮಗಳಿಗೆ. ವರ್ಷ ತುಂಬದ ಮಗುವಿಗೆ ಜೇನನ್ನು ನಾಲಿಗೆಗೆ ಸವರಲೂ ಬಾರದು. ಅದರಲ್ಲಿ ಬಾಟುಲಿಸಂ ಅನ್ನುವ, ಮೈಯ ಸ್ನಾಯುಗಳ ಶಕ್ತಿಯನ್ನೇ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ದೊಡ್ಡವರ ಕರುಳು ತಡೆದುಕೊಳ್ಳುತ್ತದೆ, ಹಸುಗೂಸಿನದು ತಡೆಯುವುದಿಲ್ಲ. ಮನೆಯಲ್ಲಿ ಕಾಸಿದರೂ ಅವು ಸಾಯುವುದಿಲ್ಲ. ನೀವು ಹೇಳಿದರೆ ಅತ್ತೆಗೆ ಬೇಜಾರಾಗಬಹುದು, ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಹೇಳಿಸಿ.

ಇನ್ನು ಅರಿಶಿನ ಹಾಲು. ಜೊತೆಗೆ ಕಾಳುಮೆಣಸು ಹಾಕಿದರೆ 20 ಪಟ್ಟು ಶಕ್ತಿ ಅಂತ ಮೆಸೇಜ್ ಬಂದಿರುತ್ತದೆ, ಅಲ್ವಾ? ಅದಕ್ಕೊಂದು ಮೂಲ ಇದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಶುದ್ಧ ರೂಪದಲ್ಲಿ 2 ಗ್ರಾಂ, ಜೊತೆಗೆ ಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಹತ್ತಿರ ಹತ್ತಿರ 20 ಪಟ್ಟು ಹೆಚ್ಚಾಯಿತು. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಅಂದರೆ 2 ಗ್ರಾಂ ಸಿಗಬೇಕಾದರೆ 60 ಗ್ರಾಂಗಿಂತ ಜಾಸ್ತಿ ಅರಿಶಿನ ತಿನ್ನಬೇಕು! ನಾವು ಹಾಕುವುದು ಒಂದು ಚಿಟಿಕೆ. ರಕ್ತಕ್ಕೆ ಸೇರಿತು ಅಂದ ಮಾತ್ರಕ್ಕೆ ನೆಗಡಿ ವಾಸಿಯಾಯಿತು ಅಂತಲೂ ಅಲ್ಲ. ರುಚಿ ಹಿಡಿಸಿದರೆ ಕುಡಿಯಿರಿ, ಬಿಸಿ ಹಾಲು ಯಾರಿಗೆ ಬೇಡ.

ಹಬೆ ತೆಗೆದುಕೊಳ್ಳುವುದು ದೊಡ್ಡವರಿಗೆ ಸರಿ. ಕುದಿಯುವ ನೀರಿನ ಪಾತ್ರೆ ಮುಂದೆ ಮಗುವನ್ನು ಕೂರಿಸಿ ಮೇಲೆ ಬೆಡ್‌ಶೀಟ್ ಮುಚ್ಚುವುದು ಬೇಡ, ಒಂದು ಸಲ ಕಾಲು ಆಡಿಸಿದರೆ ಮುಗಿಯಿತು. ಹಾಗೇನಾದರೂ ಸುಟ್ಟರೆ ಅರಿಶಿನ, ಟೂತ್‌ಪೇಸ್ಟ್, ದೋಸೆ ಹಿಟ್ಟು ಯಾವುದನ್ನೂ ಮೆತ್ತದೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿದು ಆಸ್ಪತ್ರೆಗೆ ಹೋಗಿ.

ಬಜೆ ತೇಯ್ದು ನೆಕ್ಕಿಸುವುದನ್ನಂತೂ ನಾನು ಬಿಟ್ಟೇಬಿಟ್ಟೆ. ಮಾತು ಬೇಗ ಬರುತ್ತದೆ ಅಂತ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದರು, ಆದರೆ ಅದರಲ್ಲಿರುವ ಅಸರೋನ್ ಅನ್ನುವ ಅಂಶ ಒಳ್ಳೆಯದಲ್ಲವೆಂದು ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿದ್ದಾರೆ.

ನೆಗಡಿ ಜೊತೆ ಭೇದಿಯೂ ಶುರುವಾದರೆ ಓಆರ್‌ಎಸ್ ಪ್ಯಾಕೆಟ್ಟೇ ವಾಸಿ. ನಡುರಾತ್ರಿ ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗುಡ್ಡೆ ಬೇಡ, ಉಪ್ಪು ಜಾಸ್ತಿಯಾದರೆ ಅಪಾಯ. ಮಗ ಹಾಲು ಕುಡಿಯುವುದನ್ನೇ ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ, ಕಣ್ಣು ಗುಳಿ ಬಿದ್ದರೆ, ಕಷಾಯದ ಡಬ್ಬಿ ಮುಚ್ಚಿಟ್ಟು ಆಗಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.