ಒತ್ತೆಯಿಟ್ಟದ್ದು ಫೋನ್‌ಬುಕ್: ಸಾಲದ ಆ್ಯಪ್‌ನ ಒಂದು ಪ್ರಕರಣ

ವಯಸ್ಸು 34. ಬೆಂಗಳೂರಿನಲ್ಲಿ ಮೂರು ಮನೆಗಳ ಕಸ-ಮುಸುರೆ ಕೆಲಸ, ತಿಂಗಳಿಗೆ ಒಟ್ಟು 13,500 ರೂಪಾಯಿ. ಗಂಡನದು ಗಾರೆ ಕೆಲಸ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.) ನಿದ್ದೆಯಿಲ್ಲ, ಫೋನ್ ರಿಂಗಾದರೆ ಕೈಕಾಲು ನಡುಗುತ್ತದೆ ಎಂದು ನಮ್ಮಲ್ಲಿಗೆ ಆಪ್ತಸಮಾಲೋಚನೆಗೆ ಬಂದವಳು. ಸಾಲದ ಮಾತು ಹೊರಬರಲು ಅರ್ಧ ಗಂಟೆ ಹಿಡಿಯಿತು.

ಜೂನ್‌ನಲ್ಲಿ ಮಗಳ ಶಾಲೆಯ ಫೀಸು ಕಟ್ಟಬೇಕಿತ್ತು. ಚೀಟಿ ಮೊದಲೇ ಎತ್ತಿಯಾಗಿತ್ತು, ಓಲೆ ಗಿರವಿಯಲ್ಲಿತ್ತು, ಬ್ಯಾಂಕಿಗೆ ತೋರಿಸಲು ಸಂಬಳದ ಸ್ಲಿಪ್ ಇಲ್ಲ. ಜಾಹೀರಾತಿನ ಲಿಂಕ್‌ನಿಂದ ಇಳಿಸಿಕೊಂಡ ಆ್ಯಪ್ ಕೇಳಿದ್ದು ಆಧಾರ್, ಪ್ಯಾನ್, ಒಂದು ಸೆಲ್ಫಿ, ಮತ್ತೆ ಫೋನ್‌ಬುಕ್, ಫೋಟೊ ನೋಡಲು ಅನುಮತಿ ಕೊಡುವ 'ಅಲೋ' ನಾಲ್ಕು ಸಲ ಒತ್ತುವುದು. ಮಂಜೂರಾದದ್ದು 6,000, ಖಾತೆಗೆ ಬಂದದ್ದು 3,720. ಏಳನೇ ದಿನಕ್ಕೆ 6,000 ಕಟ್ಟಬೇಕು. ಕೈಗೆ ಬಂದ ದುಡ್ಡಿನ ಮೇಲೆ ವಾರಕ್ಕೆ ಶೇ 61 ಬಡ್ಡಿ. ಮೀಟರ್ ಬಡ್ಡಿಯವನೂ ನಾಚಬೇಕು. ಆಗದಿದ್ದರೆ 2,000 ಕೊಟ್ಟು ಇನ್ನೊಂದು ವಾರ ಗಡುವು, ಆ 2,000 ಅಸಲಿಗೆ ಜಮೆಯಾಗುವುದಿಲ್ಲ. ಅದನ್ನು ತೀರಿಸಲು ಮತ್ತೊಂದು ಆ್ಯಪ್. ಎಂಟು ವಾರದಲ್ಲಿ ಐದು ಆ್ಯಪ್‌ಗಳಿಂದ ಬಂದದ್ದು 21,400, ಕಟ್ಟಿದ್ದು 38,000, ಇನ್ನೂ 'ಬಾಕಿ' 27,000. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟು ಈ ಲೆಕ್ಕವನ್ನು ಆಕೆಯ ಕೈಯಲ್ಲೇ ಬರೆಸಲಾಯಿತು. "ನಾನೇ ಮೋಸಗಾರ್ತಿ ಮೇಡಂ" ಎನ್ನುತ್ತಿದ್ದವಳು ಕಟ್ಟಿದ ಮೊತ್ತ ಬರೆದು ಪೆನ್ನು ಕೆಳಗಿಟ್ಟಳು.

ಬ್ಯಾಂಕು ಒತ್ತೆಗೆ ಚಿನ್ನ ಕೇಳುತ್ತದೆ. ಇಲ್ಲಿ ಒತ್ತೆಯಿಟ್ಟದ್ದು ಫೋನ್‌ನಲ್ಲಿದ್ದ 212 ನಂಬರು. ಆಸ್ತಿಯಿಲ್ಲದವರ ಹತ್ತಿರ ಉಳಿದಿರುವುದು ಮಾನ ಮತ್ತು ನಾಲ್ಕು ಜನರ ನಂಬಿಕೆ. ವಸೂಲಿಗಾರರು ಅದಕ್ಕೇ ಕೈ ಹಾಕುತ್ತಾರೆ. ಸೆಲ್ಫಿಯ ಮುಖವನ್ನು ಬೆತ್ತಲೆ ದೇಹಕ್ಕೆ ಅಂಟಿಸಿದ ಚಿತ್ರ ಎರಡು ಮನೆಯ ಯಜಮಾನಿಯರಿಗೆ ಹೋಯಿತು. ಒಬ್ಬರು ನಾಳೆಯಿಂದ ಬರಬೇಡ ಎಂದರು.

ಮೊದಲು ಕೇಳಿದ ಪ್ರಶ್ನೆ ನೇರವಾದದ್ದು: "ಸತ್ತುಬಿಡೋಣ ಅಂತ ಅನ್ನಿಸಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಕೇಳದಿರುವುದೇ ಅಪಾಯ. ಅನ್ನಿಸಿತ್ತು, ಸಿದ್ಧತೆ ಮಾಡಿರಲಿಲ್ಲ. ಅದೇ ದಿನ ಅಕ್ಕನನ್ನು ಕರೆಸಿ, ಒಂದು ವಾರ ರಾತ್ರಿ ಒಬ್ಬಳೇ ಇರದಂತೆ ಏರ್ಪಾಡಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಕಾಗದದಲ್ಲಿ ಬರೆದುಕೊಟ್ಟೆವು, ಆ ಫೋನ್ ಮುಟ್ಟಲು ಆಕೆಗೆ ಹೆದರಿಕೆಯಿತ್ತು.

ಮುಂದಿನದು ಒತ್ತೆಯ ಬೆಲೆ ಕಳೆಯುವ ಕೆಲಸ. ಆಕೆಯೇ ಎಲ್ಲರಿಗೂ ಕಳಿಸಿದ ಸಂದೇಶ ಇದು: "ನನ್ನ ಹೆಸರಲ್ಲಿ ಸಾಲದ ಆ್ಯಪ್‌ನವರು ಸುಳ್ಳು ಫೋಟೊ ಕಳಿಸುತ್ತಿದ್ದಾರೆ. ದುಡ್ಡು ಕೊಡಬೇಡಿ, ಅವರ ಹತ್ತಿರ ಮಾತಾಡಬೇಡಿ. ಬಂದ ನಂಬರಿನ ಸ್ಕ್ರೀನ್‌ಶಾಟ್ ನನಗೆ ಕಳಿಸಿ." ಗಂಡನಿಗೆ ಮಾತ್ರ ಎದುರಿಗೆ ಕೂರಿಸಿಕೊಂಡು ಹೇಳಬೇಕಾಯಿತು. ಅವನು ಸಿಟ್ಟಾದ, ಆಮೇಲೆ ಠಾಣೆಗೆ ಜೊತೆಗೆ ಹೋದ.

ಫೋನಿನ ಕೆಲಸದಲ್ಲಿ ಬಹಳ ಜನ ತಪ್ಪುವುದು ಕ್ರಮದಲ್ಲಿ. ಹೆದರಿ ಮೊದಲು ಆ್ಯಪ್ ಅಳಿಸುತ್ತಾರೆ, ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಆಗಲೇ ಸರ್ವರ್ ಸೇರಿದ ನಂಬರುಗಳು ಮಾತ್ರ ಹೋಗುವುದಿಲ್ಲ. ಈಕೆಯೂ ಎರಡು ಆ್ಯಪ್ ಅಳಿಸಿದ್ದಳು, ಅವುಗಳ ವಿವರವನ್ನು ಸ್ಟೇಟ್‌ಮೆಂಟ್‌ನ ಯುಪಿಐ ಐಡಿ ಮತ್ತು 12 ಅಂಕಿಯ ವಹಿವಾಟು ಸಂಖ್ಯೆಯಿಂದ ಹೆಕ್ಕಬೇಕಾಯಿತು. ಆದ್ದರಿಂದ ಮೊದಲು ಸಾಲದ ಪುಟ, ಬೆದರಿಕೆ, ನಂಬರುಗಳ ಸ್ಕ್ರೀನ್‌ಶಾಟ್ ತೆಗೆದು, ವಾಟ್ಸ್ಆ್ಯಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇನ್ನೊಬ್ಬರ ಫೋನ್‌ಗೆ ಕಳಿಸಿಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್, ಫೋಟೊ, ಎಸ್‌ಎಂಎಸ್ ಅನುಮತಿ ತೆಗೆಯಿರಿ, ಯುಪಿಐ ಆ್ಯಪ್‌ನ ಆಟೊಪೇ (ತಾನಾಗಿ ಹಣ ಕಡಿತವಾಗುವ ಒಪ್ಪಿಗೆ) ರದ್ದು ಮಾಡಿ. ಅಳಿಸುವುದು ಕೊನೆಗೆ.

ದೂರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ. ತಿದ್ದಿದ ಚಿತ್ರಕ್ಕೆ ಸ್ಟಾಪ್‌ಎನ್‌ಸಿಐಐ ಎಂಬ ಜಾಲತಾಣವಿದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ, ಚಿತ್ರದಿಂದ ಲೆಕ್ಕಹಾಕಿದ ಗುರುತಿನ ಸಂಕೇತ (ಹ್ಯಾಶ್) ಮಾತ್ರ ಹೋಗುತ್ತದೆ. ಭಾಗವಹಿಸುವ ಸಾಮಾಜಿಕ ಜಾಲತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ.

ಬಾಕಿ ಕಟ್ಟಬೇಕೇ? ಆರ್‌ಬಿಐ ತನ್ನ ಜಾಲತಾಣದಲ್ಲಿ 2025ರ ಜುಲೈನಿಂದ ಇಟ್ಟಿರುವ, ತನ್ನ ನಿಯಂತ್ರಣದಲ್ಲಿರುವ ಸಂಸ್ಥೆಗಳ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯನ್ನು ನೋಡಿದೆವು. ಐದರಲ್ಲಿ ಒಂದು ಮಾತ್ರ ಇತ್ತು. ಅದರ ಸಾಲ ಸಾಲವೇ. ಕಂಪನಿಯ ದೂರು ಅಧಿಕಾರಿಗೆ ಬರೆದು ಕಂತು ಕೇಳಿದ್ದಾಯಿತು. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಇತ್ಯರ್ಥ ಮಾಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಆರ್‌ಬಿಐ ನಿಯಂತ್ರಣದ ಸಂಸ್ಥೆಗಳ ಆ್ಯಪ್‌ಗಳು ಫೋನ್‌ಬುಕ್ ಮುಟ್ಟುವಂತಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಬಂದಿದೆ. ಉಳಿದ ನಾಲ್ಕರ ಬಗ್ಗೆ ಅನಧಿಕೃತ ಹಣಕಾಸು ವ್ಯವಹಾರದ ದೂರಿಗಿರುವ ಆರ್‌ಬಿಐನ ಸಚೇತ್ ಪೋರ್ಟಲ್‌ಗೂ ದೂರು ಹೋಯಿತು. ಬೆದರಿಕೆಗೆ ಮಣಿದು ಇನ್ನೊಂದು ರೂಪಾಯಿ ಕಟ್ಟಬೇಡಿ ಎಂದೆವು. ಕಟ್ಟಿದವರಿಗೆ ಕರೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಮೂರನೇ ವಾರಕ್ಕೆ ಕರೆಗಳು ದಿನಕ್ಕೆ ಎರಡಕ್ಕೆ ಇಳಿದವು, ನಿದ್ದೆ ಐದು ಗಂಟೆಗೆ ಬಂತು. ಹೋದ ಮನೆ ಕೆಲಸ ವಾಪಸು ಸಿಗಲಿಲ್ಲ. ಫೀಸಿನ ಎರಡನೇ ಕಂತು ಅಕ್ಟೋಬರ್‌ನಲ್ಲಿದೆ. ಅದಕ್ಕಾಗಿ ಬೀದಿಯ ಸ್ವಸಹಾಯ ಸಂಘಕ್ಕೆ ಸೇರಿದ್ದಾಳೆ, ವಾರಕ್ಕೆ 100 ರೂಪಾಯಿ ಉಳಿತಾಯ.