ಕೈ ಒಡೆದಿದ್ದರೆ ಮೊದಲ ಅನುಮಾನ ಸೋಪಿನ ಮೇಲೆ

ಪ್ರಶ್ನೆ: ಲಕ್ವ ಹೊಡೆದು ಮಲಗಿರುವ ಅತ್ತೆಯವರನ್ನು ನಾನೇ ನೋಡಿಕೊಳ್ಳುತ್ತೇನೆ. ಪ್ರತಿ ಸಲವೂ ಕೈಗೆ ಸೋಪು, ಮೇಲೆ ಆಂಟಿಸೆಪ್ಟಿಕ್ ಹಾಕಿದ ನೀರು. ಬೆರಳ ಗೆಣ್ಣು ಒಡೆದಿವೆ, ಸ್ಯಾನಿಟೈಸರ್ ತಾಗಿದರೆ ಉರಿ. ಗ್ಲೌಸ್ ಹಾಕಿಕೊಂಡರೂ ಕಡಿಮೆಯಾಗಿಲ್ಲ. ಅಲರ್ಜಿ ಇರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲರ್ಜಿಗಿಂತ ಸೋಪು-ನೀರಿನ ಕಾಟದ ಸಾಧ್ಯತೆಯೇ ಹೆಚ್ಚು. ದಿನಕ್ಕೆ 20 ಸಲಕ್ಕಿಂತ ಹೆಚ್ಚು ತೊಳೆದರೆ, ಅಥವಾ 2 ಗಂಟೆಗೂ ಮೀರಿ ಕೈ ಒದ್ದೆಯಿದ್ದರೆ, ಚರ್ಮದ ಜಿಡ್ಡು ಕಳೆದು ಒಳಗಿನ ತೇವ ಆರಿಹೋಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಉಜ್ಜುತ್ತೇವೆ, ಅದು ಉಂಗುರದಡಿ ಉಳಿದು ಕೆರೆತ ಶುರುವಾಗುತ್ತದೆ. ಉಂಗುರ ತೆಗೆದಿಡಿ. ಆಂಟಿಸೆಪ್ಟಿಕ್ ಇವತ್ತೇ ಬಿಡಿ, ಸಾದಾ ಸೋಪು ಸಾಕು. ಬಿಸಿನೀರು ಬೇಡ. ಬೆರಳ ಸಂದಿಯನ್ನು ಉಜ್ಜದೆ, ಬಟ್ಟೆಯಿಂದ ಒತ್ತಿ ಒರೆಸಿ.

ಉರಿಯುವುದು ಚರ್ಮ ಒಡೆದಿರುವುದರಿಂದ. ಬಿರುಕು ಮಾಯ್ದ ಮೇಲೆ, ಕೈಗೆ ಕೊಳೆ ಕಾಣದಿದ್ದಾಗ, ಗ್ಲಿಸರಿನ್ ಇರುವ ಸ್ಯಾನಿಟೈಸರ್ 3 ಮಿ.ಲೀ. ತೆಗೆದುಕೊಂಡು ಆರುವವರೆಗೆ ತಿಕ್ಕಿ. ಪದೇಪದೇ ಸೋಪು ಹಚ್ಚುವುದಕ್ಕಿಂತ ಚರ್ಮಕ್ಕೆ ಇದೇ ಹಿತ. ಮಲ ಶುಚಿ ಮಾಡಿದ ಮೇಲೆ ಮಾತ್ರ ಸೋಪು-ನೀರೇ ಆಗಬೇಕು.

ಗ್ಲೌಸ್ ಹಾಕಿದರೂ ಕೈ ಕೆಡುವುದು ಒಳಗಿನ ಬೆವರಿನಿಂದ. ಒದ್ದೆ ಕೈಗೆ ಹಾಕಲೇಬೇಡಿ. ಪೌಡರ್ ಇಲ್ಲದ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ತನ್ನಿ. ಹೆಚ್ಚು ಹೊತ್ತಿನ ಕೆಲಸಕ್ಕೆ ಒಳಗೆ ತೆಳು ಹತ್ತಿ ಗ್ಲೌಸ್ ಇರಲಿ, ಅದು ತೇವವಾದ ಕೂಡಲೇ ಬದಲಿಸಿ. ಡೈಪರ್ ಬದಲಿಸಿದ ಗ್ಲೌಸ್ ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ.

ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದಷ್ಟು, ಅಂದರೆ ಸುಮಾರು ಅರ್ಧ ಗ್ರಾಂ, ವಾಸನೆಯಿಲ್ಲದ ಕ್ರೀಮು ಒಂದು ಕೈಗೆ ಬೇಕು. ಹೆಚ್ಚಿನವರು ಅಂಗೈಗೆ ಸವರಿ ಬಿಡುತ್ತಾರೆ. ಒಡೆಯುವುದು ಗೆಣ್ಣು, ಸಂದಿ.

ಮೆಡಿಕಲ್ ಶಾಪಿನವರು ‘ಎಲ್ಲಕ್ಕೂ ಇದೊಂದೇ’ ಎಂದು ಕೊಡುವ ಟ್ಯೂಬಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಬೆರೆತಿರುತ್ತದೆ. ಸಂದಿಯಲ್ಲಿ ಬೆಳ್ಳಗೆ ನೆನೆದಂತಿದ್ದರೆ ಫಂಗಸ್ ಇರಬಹುದು. ಸ್ಟೀರಾಯ್ಡ್ ಕೆರೆತ ಅಡಗಿಸಿ ಫಂಗಸ್ಸನ್ನು ಬೆಳೆಸುತ್ತದೆ. ಕೀವು, ನೀರ್ಗುಳ್ಳೆ, ಅಥವಾ ಮಣಿಕಟ್ಟಿನಲ್ಲಿ ಗ್ಲೌಸಿನ ಅಂಚಿಗೇ ನಿಲ್ಲುವ ಕೆಂಪು ಕಂಡರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಬಾಪೂಜಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ತೋರಿಸಿ. ಅಲರ್ಜಿಯೇ ಎಂದು ತಿಳಿಯಲು ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸುವ ಪ್ಯಾಚ್ ಟೆಸ್ಟ್ ಬೇಕಾಗುತ್ತದೆ. ಗ್ಲೌಸ್ ಹಾಕಿದೊಡನೆ ದದ್ದು, ಉಸಿರಾಟದ ತೊಂದರೆ ಆದರೆ ತಡ ಮಾಡದೆ ಹೋಗಿ.

ಪ್ರಶ್ನೆ: ಕ್ರೀಮಿನ ಬದಲು ಕೊಬ್ಬರಿ ಎಣ್ಣೆ ಆಗುತ್ತಾ?
– ಚಳ್ಳಕೆರೆ

ಉತ್ತರ: ರಾತ್ರಿ ಮಲಗುವಾಗ ಧಾರಾಳವಾಗಿ ಹಚ್ಚಿ, ಬಿರುಕಿದ್ದರೆ ವ್ಯಾಸಲೀನ್ ಇನ್ನೂ ವಾಸಿ. ಲ್ಯಾಟೆಕ್ಸ್ (ಸಹಜ ರಬ್ಬರ್) ಗ್ಲೌಸ್ ಹಾಕುವ ಮುಂಚೆ ಎರಡೂ ಬೇಡ. ಎಣ್ಣೆ ತಗುಲಿದರೆ ಲ್ಯಾಟೆಕ್ಸ್ ಸಡಿಲಾಗಿ ಹರಿಯುತ್ತದೆ.