ಮತ ಬೇರೆಯಾದರೂ ಮಾತು ಬಿಡದಿರಲು

ರಾಜಕೀಯವಾಗಿ ಎರಡು ಬಣಗಳಾಗಿ ಒಡೆದು ನಿಂತ ದೇಶದಲ್ಲಿ ಸಂಬಂಧ ಕೆಡಿಸಿಕೊಳ್ಳದೆ, ವಿಷಯ ತಿಳಿದುಕೊಂಡು, ಸಾರ್ವಜನಿಕ ಜೀವನದಲ್ಲಿ ಭಾಗವಹಿಸುವುದು ಹೇಗೆ ಎಂದು ಹಲವು ಓದುಗರು ಕೇಳಿದ್ದಾರೆ. ಅವುಗಳಲ್ಲಿ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕಳೆದ ಚುನಾವಣೆಯ ನಂತರ ನನಗೂ ನನ್ನ ಅಣ್ಣನಿಗೂ ಮಾತು ನಿಂತುಹೋಗಿದೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನು ಹಾಕಿದ ಸಂದೇಶಕ್ಕೆ ನಾನು ಕಟುವಾಗಿ ಉತ್ತರಿಸಿದೆ, ಅವನು ಗುಂಪನ್ನೇ ಬಿಟ್ಟು ಹೋದ. ಅವನ ಕಡೆಯವರ ವಾದವನ್ನು ಅರ್ಥಮಾಡಿಕೊಳ್ಳೋಣವೆಂದು ಆ ಪಕ್ಷದ ನಾಯಕರ ಖಾತೆಗಳನ್ನು ಫಾಲೋ ಮಾಡತೊಡಗಿದೆ. ಸಿಟ್ಟು ಇನ್ನಷ್ಟು ಹೆಚ್ಚಿತೇ ಹೊರತು ಅರ್ಥವೇನೂ ಆಗಲಿಲ್ಲ.

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದು, ಆದರೆ ಆರಿಸಿಕೊಂಡ ದಾರಿ ಸರಿಯಲ್ಲ. ಸಮಾಜವಿಜ್ಞಾನಿ ಕ್ರಿಸ್ಟೊಫರ್ ಬೇಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕದ ಎರಡೂ ಪಕ್ಷಗಳ ಟ್ವಿಟರ್ ಬಳಕೆದಾರರಿಗೆ ಸಂಭಾವನೆ ಕೊಟ್ಟು, ಎದುರು ಪಕ್ಷದ ನಾಯಕರ ಸಂದೇಶಗಳು ಒಂದು ತಿಂಗಳ ಕಾಲ ಅವರಿಗೆ ಬರುವಂತೆ ಮಾಡಿದ್ದರು. ತಿಂಗಳು ಮುಗಿದಾಗ ರಿಪಬ್ಲಿಕನ್ ಬೆಂಬಲಿಗರ ನಿಲುವು ಮೊದಲಿಗಿಂತ ಗಡುಸಾಗಿತ್ತು. ಡೆಮಾಕ್ರಟಿಕ್ ಬೆಂಬಲಿಗರಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ, ಅವರೂ ಮೆತ್ತಗಾಗಲಿಲ್ಲ. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ನಾಯಕರ ಖಾತೆಗಳಲ್ಲಿ ಬರುವುದು ತಮ್ಮ ಬೆಂಬಲಿಗರನ್ನು ಹುರಿದುಂಬಿಸುವ ಮಾತು. ಅದನ್ನು ಓದಿ ನಿಮ್ಮ ಅಣ್ಣ ಏಕೆ ಹಾಗೆ ಯೋಚಿಸುತ್ತಾನೆಂದು ತಿಳಿಯಲು ಹೊರಟರೆ, ಅವನು ಎಂದೂ ಆಡದ ಮಾತುಗಳಿಗೆಲ್ಲ ಅವನನ್ನು ಹೊಣೆ ಮಾಡಿದಂತಾಗುತ್ತದೆ.

ಆದ್ದರಿಂದ ಆ ಖಾತೆಗಳನ್ನು ಬಿಟ್ಟುಬಿಡಿ, ಅಣ್ಣನಿಗೇ ಕರೆ ಮಾಡಿ. ಗುಂಪಿನಲ್ಲಿ ಬರೆಯಬೇಡಿ, ಏಕೆಂದರೆ ಹತ್ತು ಜನ ನೋಡುತ್ತಿರುವಾಗ ಯಾರೂ ತಮ್ಮ ಮಾತಿನಿಂದ ಒಂದು ಹೆಜ್ಜೆ ಹಿಂದೆ ಸರಿಯಲಾರರು. ಮೊದಲ ಕರೆಯಲ್ಲಿ ರಾಜಕೀಯದ ಪ್ರಸ್ತಾಪವೇ ಬೇಡ. "ಅಣ್ಣಾ, ಆ ದಿನ ನಾನು ಎಲ್ಲರೆದುರು ಹಾಗೆ ಬರೆಯಬಾರದಿತ್ತು" ಎಂಬಷ್ಟನ್ನು ಹೇಳಿ, ಮನೆಯವರ ಕ್ಷೇಮಸಮಾಚಾರ ವಿಚಾರಿಸಿ ಫೋನ್ ಇಡಿ. ಹೀಗೆ ಹೇಳಿದ್ದರಿಂದ ನಿಮ್ಮ ಅಭಿಪ್ರಾಯವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ನೀವು ಹಿಂತೆಗೆದುಕೊಂಡದ್ದು ಅದನ್ನು ಹೇಳಿದ ರೀತಿಯನ್ನು ಮಾತ್ರ.

ಮುಂದೊಂದು ದಿನ ವಿಷಯಕ್ಕೆ ಬಂದಾಗ, ಪಕ್ಷಗಳನ್ನು ಬದಿಗಿಟ್ಟು ಒಂದೇ ಒಂದು ನೀತಿಯನ್ನು ಎತ್ತಿಕೊಳ್ಳಿ. ಕನಿಷ್ಠ ವೇತನವನ್ನು ಏರಿಸಬೇಕೇ ಬೇಡವೇ ಎಂಬುದೇ ಆ ವಿಷಯವಾಗಿರಲಿ. ನಾವು ಸಾಮಾನ್ಯವಾಗಿ "ನೀನು ಅದನ್ನು ಏಕೆ ಬೆಂಬಲಿಸುತ್ತೀಯ?" ಎಂದು ಕೇಳುತ್ತೇವೆ, ಎದುರಿನವರು ಮೊದಲೇ ಸಿದ್ಧವಾಗಿಟ್ಟುಕೊಂಡ ಕಾರಣಗಳನ್ನು ಒಪ್ಪಿಸುತ್ತಾರೆ. ಅದರ ಬದಲು "ಅದು ಜಾರಿಯಾದರೆ ಏನೇನಾಗುತ್ತದೆ, ಹಂತಹಂತವಾಗಿ ಹೇಳಣ್ಣಾ" ಎಂದು ಕೇಳಿ ನೋಡಿ. ಹೆಚ್ಚಿದ ಸಂಬಳವನ್ನು ಐದು ಜನ ಕೆಲಸಗಾರರಿರುವ ಸಣ್ಣ ಮಾಲೀಕ ಎಲ್ಲಿಂದ ತರುತ್ತಾನೆ, ಬೆಲೆ ಏರಿಸುತ್ತಾನೆಯೇ, ಒಬ್ಬರನ್ನು ಕಡಿಮೆ ಮಾಡುತ್ತಾನೆಯೇ, ಕೈಯಲ್ಲಿ ಹೆಚ್ಚು ಹಣ ಬಂದ ಕೆಲಸಗಾರರು ಅದನ್ನು ಎಲ್ಲಿ ಖರ್ಚು ಮಾಡುತ್ತಾರೆ? ಹೀಗೆ ವಿವರಿಸಲು ಕುಳಿತಾಗ ತಮಗೆ ತಿಳಿದಿರುವುದು ಎಷ್ಟು ಕಡಿಮೆ ಎಂಬುದು ಜನರಿಗೆ ತಾವಾಗಿಯೇ ಗೊತ್ತಾಗುತ್ತದೆ. ಫಿಲಿಪ್ ಫರ್ನ್‌ಬ್ಯಾಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ನೀತಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದವರ ನಿಲುವು ಸ್ವಲ್ಪ ಸೌಮ್ಯವಾಯಿತು, ಅದನ್ನು ಬೆಂಬಲಿಸುವ ಕಾರಣಗಳನ್ನು ಪಟ್ಟಿ ಮಾಡಿದವರಲ್ಲಿ ಹಾಗಾಗಲಿಲ್ಲ. ಆದರೆ ಒಂದು ಷರತ್ತಿದೆ. ಅಣ್ಣ ಅದೇ ಪ್ರಶ್ನೆಯನ್ನು ನಿಮಗೆ ತಿರುಗಿಸಿ ಕೇಳಿದಾಗ ನೀವೂ ಅಷ್ಟೇ ಪ್ರಾಮಾಣಿಕವಾಗಿ ವಿವರಿಸಬೇಕು, ತಿಳಿಯದ ಕಡೆ ತಿಳಿಯದೆಂದೇ ಹೇಳಬೇಕು. ಅವನನ್ನು ಸಿಕ್ಕಿಸುವ ತಂತ್ರವಾಗಿ ಇದನ್ನು ಬಳಸಿದರೆ ಅವನಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಜವಾಬ್ದಾರಿಯುತ ನಾಗರಿಕಳಾಗಿರಬೇಕೆಂದು ದಿನವಿಡೀ ಸುದ್ದಿ ನೋಡುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ. ನೋಡುವುದನ್ನು ಬಿಟ್ಟರೆ ಕರ್ತವ್ಯ ತಪ್ಪಿದೆನೇನೋ ಎನಿಸುತ್ತದೆ.

ಉತ್ತರ: ಹೆಚ್ಚು ನೋಡಿದರೆ ಹೆಚ್ಚು ತಿಳಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕು. 'ಮೋರ್ ಇನ್ ಕಾಮನ್' ಎಂಬ ಸಂಸ್ಥೆ 2019ರಲ್ಲಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಎದುರು ಪಕ್ಷದ ಬೆಂಬಲಿಗರಲ್ಲಿ ಎಷ್ಟು ಮಂದಿ ಅತಿರೇಕದ ನಿಲುವು ತಳೆದಿದ್ದಾರೆ ಎಂದು ಎರಡೂ ಕಡೆಯವರನ್ನು ಅಂದಾಜು ಮಾಡಲು ಕೇಳಲಾಯಿತು. ಅವರ ಅಂದಾಜು ನಿಜ ಸಂಖ್ಯೆಯ ಹೆಚ್ಚುಕಡಿಮೆ ಎರಡರಷ್ಟಿತ್ತು. ಸುದ್ದಿಯನ್ನು ಸದಾ ಹಿಂಬಾಲಿಸುವವರ ಅಂದಾಜು, ಆಗೊಮ್ಮೆ ಈಗೊಮ್ಮೆ ನೋಡುವವರ ಅಂದಾಜಿಗಿಂತ ಬಹಳ ಹೆಚ್ಚು ತಪ್ಪಾಗಿತ್ತು. ಒಂದು ದೇಶದ ಸಮೀಕ್ಷೆಯಿಂದ ಎಲ್ಲ ದೇಶಗಳ ಬಗ್ಗೆ ತೀರ್ಪು ಕೊಡಲಾಗದು. ಹಾಗಿದ್ದರೂ, ದಿನವಿಡೀ ಪರದೆಯ ಮುಂದೆ ಕುಳಿತವರಿಗೆ ಅತಿ ದೊಡ್ಡ ದನಿಯವರೇ ಮತ್ತೆ ಮತ್ತೆ ಕಾಣಿಸುತ್ತಾರೆ ಎಂಬುದನ್ನು ನಿಮ್ಮ ಅನುಭವವೂ ಹೇಳುತ್ತಿರಬಹುದು.

ದಿನಕ್ಕೆ ಎರಡು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಮಲಗುವ ಮುನ್ನದ ಹೊತ್ತು ಅದರಲ್ಲಿ ಸೇರದಿರಲಿ. ಚರ್ಚಾ ಕಾರ್ಯಕ್ರಮಗಳನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ, ಅವುಗಳಲ್ಲಿ ಸುದ್ದಿಗಿಂತ ಸುದ್ದಿಯ ಮೇಲಿನ ಜಗಳವೇ ಹೆಚ್ಚು. ಅದರಲ್ಲಿ ಉಳಿದ ಸಮಯವನ್ನು ಮೂಲದ ಓದಿಗೆ ಕೊಡಿ: ಒಂದು ಮಸೂದೆಯ ಬಗ್ಗೆ ಗದ್ದಲವೆದ್ದರೆ ಮಸೂದೆಯ ಪಠ್ಯವನ್ನು, ತೀರ್ಪಿನ ಬಗ್ಗೆ ಎದ್ದರೆ ತೀರ್ಪಿನ ಕೊನೆಯ ಆದೇಶದ ಭಾಗವನ್ನು. ಅರ್ಧ ಗಂಟೆ ಹಿಡಿಯಬಹುದು, ಆದರೆ ಒಂದು ವಾರದ ಚರ್ಚೆ ಕೊಡದಷ್ಟು ತಿಳಿವಳಿಕೆ ಅದರಿಂದ ಸಿಗುತ್ತದೆ.

ಇನ್ನು ಫಾರ್ವರ್ಡ್ ಆಗಿ ಬರುವ ಸಂಗತಿಗಳು. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಸರಣಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಸುಳ್ಳು ಸುದ್ದಿಯನ್ನು ಜನ ಮರುಹಂಚಿಕೊಳ್ಳುವ ಸಾಧ್ಯತೆ ನಿಜ ಸುದ್ದಿಗಿಂತ ಶೇಕಡಾ 70ರಷ್ಟು ಹೆಚ್ಚೆಂದು ಕಂಡುಬಂತು. ಹರಡಿದವರು ಮುಖ್ಯವಾಗಿ ಮನುಷ್ಯರೇ, ಸ್ವಯಂಚಾಲಿತ ಖಾತೆಗಳಲ್ಲ. ಆದ್ದರಿಂದ ತಡೆಯುವ ಕೆಲಸವೂ ನಮ್ಮ ಬೆರಳ ತುದಿಯಲ್ಲೇ ಇದೆ. ನಾಯಕರೊಬ್ಬರು ಏನೋ ಘೋರವಾದುದನ್ನು ಹೇಳಿದ ಹನ್ನೆರಡು ಸೆಕೆಂಡುಗಳ ವಿಡಿಯೊ ಬಂತೆನ್ನಿ. ಅದನ್ನೇ ಮತ್ತೆ ಮತ್ತೆ ನೋಡಿ ಅಸಲಿಯೋ ನಕಲಿಯೋ ಎಂದು ತಲೆಕೆಡಿಸಿಕೊಳ್ಳಬೇಡಿ. ಅದರಿಂದ ಹೊರಬಂದು, ಅದೇ ಭಾಷಣದ ಪೂರ್ಣ ವಿಡಿಯೊ ಹುಡುಕಿ, ತುಣುಕಿನ ಹಿಂದಿನ ಒಂದು ನಿಮಿಷ ಮತ್ತು ಮುಂದಿನ ಒಂದು ನಿಮಿಷವನ್ನು ಕೇಳಿ. ಕೆಲವು ಸಲ ಆ ವಾಕ್ಯ "ನನ್ನ ವಿರೋಧಿಗಳು ಹೀಗೆ ಹೇಳುತ್ತಾರೆ" ಎಂಬ ಮಾತಿನ ಮುಂದುವರಿಕೆಯಾಗಿರುತ್ತದೆ. ವೃತ್ತಿಪರ ಸತ್ಯಶೋಧಕರ ಕ್ರಮವೂ ಇದೇ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಗಮನಿಸಿದಂತೆ, ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಅಪರಿಚಿತ ಜಾಲತಾಣವನ್ನು ಮೇಲಿಂದ ಕೆಳಗೆ ಓದುತ್ತಾ ಕುಳಿತರೆ, ಸತ್ಯಶೋಧಕರು ಬೇಗನೆ ಅದನ್ನು ಬಿಟ್ಟು, ಅದನ್ನು ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕುತ್ತಿದ್ದರು.

ಪ್ರಶ್ನೆ: ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ಪ್ರತಿದಿನ ರಾಜಕೀಯ ಎಳೆದು ತರುತ್ತಾರೆ. ಸುಮ್ಮನಿದ್ದರೆ ಒಪ್ಪಿದಂತೆ ಎಂದುಕೊಳ್ಳುತ್ತಾರೆ.

ಉತ್ತರ: "ಸರ್, ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಊಟದ ಹೊತ್ತಿನಲ್ಲಿ ಆ ಚರ್ಚೆ ಬೇಡ" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಮರುದಿನ ಮತ್ತೆ ತೆಗೆದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಕಾರಣ ಕೊಡಲು ಹೋಗಬೇಡಿ, ಕೊಟ್ಟರೆ ಆ ಕಾರಣವೇ ಚರ್ಚೆಯ ವಿಷಯವಾಗುತ್ತದೆ.

ಪ್ರಶ್ನೆ: ನಮ್ಮ ಸಮುದಾಯದವರು ಈ ದೇಶದಲ್ಲಿ ಇರಲೇಬಾರದು ಎನ್ನುವವರೊಂದಿಗೂ ಸೌಜನ್ಯದಿಂದ ಇರಬೇಕೇ? ಸೌಜನ್ಯದ ಉಪದೇಶ ಯಾವಾಗಲೂ ಪೆಟ್ಟು ತಿಂದವರಿಗೇ ಏಕೆ?

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ತೆರಿಗೆ ಎಷ್ಟಿರಬೇಕು ಎಂಬ ಭಿನ್ನಾಭಿಪ್ರಾಯ ಬೇರೆ, ಯಾರು ಮನುಷ್ಯರಂತೆ ಬದುಕಬಹುದು ಎಂಬ ಭಿನ್ನಾಭಿಪ್ರಾಯ ಬೇರೆ. ಎರಡನೆಯದನ್ನು ಮೊದಲನೆಯದರಂತೆ ಕಂಡು, "ಎರಡೂ ಕಡೆಯವರು ಸ್ವಲ್ಪ ತಗ್ಗಿ ನಡೆಯಲಿ" ಎನ್ನುವುದು ಅನ್ಯಾಯ. ನಿಮ್ಮ ಅಸ್ತಿತ್ವವನ್ನೇ ನಿರಾಕರಿಸುವವರೊಡನೆ ಚರ್ಚಿಸುವ ಬಾಧ್ಯತೆ ನಿಮಗಿಲ್ಲ. ಎದ್ದು ಹೋಗಬಹುದು, ದೂರು ಕೊಡಬಹುದು, ಬೆದರಿಕೆಯಿದ್ದರೆ ಕೊಡಲೇಬೇಕು. ಕಠಿಣವಾದ ಸತ್ಯವನ್ನು ಗಟ್ಟಿ ದನಿಯಲ್ಲಿ ಹೇಳುವುದು ಅಸೌಜನ್ಯವೆಂದು ನಾನು ಭಾವಿಸುವುದಿಲ್ಲ. ಎದುರಿನವರಂತೆ ನಾವೂ ಅವರ ಮನುಷ್ಯತ್ವವನ್ನು ನಿರಾಕರಿಸಬಾರದು ಎಂಬಷ್ಟೇ ಗೆರೆ ಸಾಕು.

ಆದರೆ ಈ ಉತ್ತರವನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು ಹೇಳಲೇಬೇಕಾಗಿದೆ. ಈ ಮಾತುಕತೆಯ ಭಾರವನ್ನು ಗಾಯಗೊಳ್ಳದವರು ಹೊರಬಹುದು, ಅದರಿಂದ ಫಲವೂ ಇದೆ. ಡೇವಿಡ್ ಬ್ರೂಕ್ಮನ್ ಮತ್ತು ಜೋಶುವಾ ಕಲಾ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಯಾಮಿಯ ಮತದಾರರ ಮನೆಬಾಗಿಲಿಗೆ ಹೋದವರು ಲಿಂಗಾಂತರಿ ಜನರ ಬಗ್ಗೆ ಸುಮಾರು ಹತ್ತು ನಿಮಿಷ ಮಾತನಾಡಿದರು. ಅಂಕಿ-ಅಂಶ ಒಪ್ಪಿಸುವುದಕ್ಕಿಂತ ಹೆಚ್ಚಾಗಿ, ನೀವು ಬೇರೆಯವರಿಗಿಂತ ಭಿನ್ನವೆಂಬ ಕಾರಣಕ್ಕೆ ನಿಮ್ಮನ್ನು ಯಾರಾದರೂ ಹಗುರವಾಗಿ ಕಂಡದ್ದುಂಟೇ ಎಂದು ಮನೆಯವರನ್ನೇ ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಂಡರು. ಪೂರ್ವಗ್ರಹ ಕಡಿಮೆಯಾಯಿತು, ಆ ಬದಲಾವಣೆ ಕನಿಷ್ಠ ಮೂರು ತಿಂಗಳು ಉಳಿಯಿತು. ಬಾಗಿಲಿಗೆ ಹೋದವರು ಸ್ವತಃ ಲಿಂಗಾಂತರಿಗಳಾಗಿದ್ದರೂ, ಅಲ್ಲದಿದ್ದರೂ ಪರಿಣಾಮವಿತ್ತು. ನಿಮ್ಮ ಸ್ನೇಹಿತರಲ್ಲಿ ಯಾರಾದರೂ "ನಾನು ಏನು ಮಾಡಲಿ?" ಎಂದು ಕೇಳಿದರೆ, ಈ ಕೆಲಸವನ್ನು ಅವರಿಗೆ ಧಾರಾಳವಾಗಿ ಒಪ್ಪಿಸಿ.

ಪ್ರಶ್ನೆ: ತಪ್ಪದೆ ಮತ ಹಾಕುತ್ತೇನೆ. ಉಳಿದ ಸಮಯದಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ವಾದಿಸುತ್ತೇನೆ. ಏನೂ ಬದಲಾಗುತ್ತಿಲ್ಲ ಎನ್ನಿಸುತ್ತದೆ.

ಉತ್ತರ: ವಾದಿಸುವ ಜಾಗದಲ್ಲಿ ನಿರ್ಧಾರಗಳು ಆಗುವುದಿಲ್ಲ, ಹಾಗಾಗಿ ನಿಮಗೆ ಹಾಗೆನ್ನಿಸುವುದು ಸಹಜ. ನಿರ್ಧಾರ ಆಗುವ ಜಾಗದಲ್ಲಿ ಎರಡು ಬಣದವರೂ ಒಟ್ಟಿಗೆ ಕುಳಿತರೆ ಏನಾಗಬಹುದೆಂಬುದಕ್ಕೆ ಐರ್ಲೆಂಡ್ ಒಂದು ನಿದರ್ಶನ. ದಶಕಗಳ ಕಾಲ ದೇಶವನ್ನು ಒಡೆದಿದ್ದ ಗರ್ಭಪಾತದ ಪ್ರಶ್ನೆಯನ್ನು ಅಲ್ಲಿ 2016ರಲ್ಲಿ ರಚನೆಯಾದ ನಾಗರಿಕ ಸಭೆಯ ಮುಂದಿಡಲಾಯಿತು. ಲಾಟರಿ ಮಾದರಿಯಲ್ಲಿ ಆಯ್ಕೆಯಾದ 99 ಸಾಮಾನ್ಯ ನಾಗರಿಕರು, ಅವರಿಗೆ ನ್ಯಾಯಾಧೀಶರೊಬ್ಬರ ಅಧ್ಯಕ್ಷತೆ. ಅವರು ವಾರಾಂತ್ಯಗಳಲ್ಲಿ ಸೇರಿ ವೈದ್ಯರ, ಕಾನೂನು ತಜ್ಞರ, ಎರಡೂ ಪಕ್ಷದ ಪ್ರತಿಪಾದಕರ ಮಾತು ಕೇಳಿ ಶಿಫಾರಸು ಮಾಡಿದರು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಶೇಕಡಾ 66.4 ಮತದಾರರು ಸಂವಿಧಾನದ ನಿಷೇಧವನ್ನು ತೆಗೆಯಲು ಒಪ್ಪಿದರು. ಸೋತ ಬಣದವರ ನಂಬಿಕೆ ಅದರಿಂದ ಬದಲಾಗಲಿಲ್ಲ, ಆದರೆ ಪ್ರಶ್ನೆಯನ್ನು ಜನರೇ ಕೂತು ಕೇಳಿ ಅಳೆದರೆಂಬುದನ್ನು ಎಲ್ಲರೂ ನೋಡಿದ್ದರು.

ಅಂಥ ಸಭೆ ನಿಮ್ಮನ್ನು ಕರೆಯುವವರೆಗೆ ಕಾಯಬೇಕಾಗಿಲ್ಲ. ಸ್ಥಳೀಯ ಆಡಳಿತದ ಬಜೆಟ್ ಸಭೆ, ಶಾಲೆಯ ಪೋಷಕರ ಸಮಿತಿ, ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸುವ ಅವಧಿ, ಮತಗಟ್ಟೆಯ ಸ್ವಯಂಸೇವೆ, ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ 1954ರಷ್ಟು ಹಿಂದೆಯೇ ಗುರುತಿಸಿದಂತೆ, ಗುಂಪುಗಳ ನಡುವಿನ ಹಗೆ ತಗ್ಗಬೇಕಾದರೆ ಬರಿಯ ಭೇಟಿ ಸಾಲದು. ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಬೇಕಾದ ಗುರಿಯಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಸಂಸ್ಥೆಯ ಬೆಂಬಲವೂ ಇರಬೇಕು. ಹದಗೆಟ್ಟ ಚರಂಡಿಯನ್ನು ಸರಿಪಡಿಸಲು ಕೂಡಿದ ಸಮಿತಿಯಲ್ಲಿ ಈ ನಾಲ್ಕೂ ಹೆಚ್ಚಿನ ಪ್ರಯತ್ನವಿಲ್ಲದೆ ಕೂಡಿಬರಬಹುದು.

ಮೊದಲ ಸಭೆಗೆ ಹೋಗುವ ಮುನ್ನ ಕಾರ್ಯಸೂಚಿಯನ್ನೂ ಹಿಂದಿನ ಸಭೆಯ ನಡಾವಳಿಯನ್ನೂ ಕೇಳಿ ಪಡೆದು ಓದಿಕೊಳ್ಳಿ. ಆ ದಿನ ಮಾತನಾಡದೆ ಬರೆದುಕೊಳ್ಳಿ. ಯಾರು ಯಾವ ವಿಷಯಕ್ಕೆ ಹೊಣೆ, ಹಣ ಯಾವ ಬಾಬಿನಿಂದ ಬರುತ್ತದೆ, ಮುಂದಿನ ನಿರ್ಧಾರದ ದಿನಾಂಕ ಯಾವುದು ಎಂಬ ಮೂರು ಸಂಗತಿ ಗೊತ್ತಾದರೆ ಎರಡನೆಯ ಸಭೆಯಲ್ಲಿ ನೀವು ಕೇಳುವ ಪ್ರಶ್ನೆಗೆ ಉತ್ತರಿಸದೆ ತಪ್ಪಿಸಿಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ.